ಕಿಟಕಿಯ ಗಾಜಿಗೆ ಒಂದೇ ಸಲ ಕೈ

ದಸರೆಗೂ ಯುಗಾದಿಗೂ ಮುಂಚಿನ ಎರಡೆರಡು ವಾರ ಬೆಂಗಳೂರಿನಲ್ಲಿ ಮನೆ ಕಿಟಕಿ ತೊಳೆಯುವ ಕೆಲಸದವರಿಗೆ ಪುರುಸೊತ್ತು ಇರುವುದಿಲ್ಲ. ಆ ದಿನಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಕೇಳುವ ಮೊದಲ ಪ್ರಶ್ನೆ, ಕೈ ಚುರುಕಾಗುವುದು ಹೇಗೆ ಎಂಬುದು. ಒಂದು ಕಾಲಕ್ಕೆ ಅದು ನನ್ನ ಪ್ರಶ್ನೆಯೂ ಆಗಿತ್ತು. ಉತ್ತರ ಹುಡುಕಲೆಂದೇ ಒಂದು ದಿನ ಫೋನಿನಲ್ಲಿ ಸ್ಟಾಪ್‌ವಾಚ್ ಹಚ್ಚಿಟ್ಟು, ಮಲಗುವ ಕೋಣೆಯ ಒಂದು ಸ್ಲೈಡಿಂಗ್ ಕಿಟಕಿಯನ್ನು ಒಳಗೂ ಹೊರಗೂ ಮುಗಿಸಿದೆ. ಒಟ್ಟು ಇಪ್ಪತ್ತು ನಿಮಿಷಕ್ಕೂ ಮೇಲೆ ಹಿಡಿಯಿತು. ಅದರಲ್ಲಿ ವೈಪರ್ ಗಾಜಿನ ಮೇಲೆ ಓಡಿದ್ದು ಎರಡು ನಿಮಿಷವೂ ಇಲ್ಲ. ಉಳಿದ ಹೊತ್ತೆಲ್ಲ ಗ್ರಿಲ್ಲಿನ ಧೂಳಿಗೆ, ಸೊಳ್ಳೆ ಪರದೆಗೆ, ಟ್ರ್ಯಾಕಿನಲ್ಲಿ ಕೂತ ಕೆಸರಿಗೆ, ಏಣಿ ಸರಿಸುವುದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಒಮ್ಮೆ ಒರೆಸಿದ ಗಾಜನ್ನೇ ಮತ್ತೆ ಒರೆಸುವುದಕ್ಕೆ ಹೋಗಿತ್ತು. ಎರಡು ನಿಮಿಷದ ಕೆಲಸವನ್ನು ಒಂದು ನಿಮಿಷಕ್ಕೆ ಇಳಿಸಿದರೆ ಉಳಿಯುವುದು ಒಂದೇ ನಿಮಿಷ. ಮರುಕೆಲಸ ತಪ್ಪಿಸಿದರೆ ಉಳಿಯುವುದು ಅದರ ಎಷ್ಟೋ ಪಟ್ಟು.

ಕೈಯ ವೇಗಕ್ಕೆ ದಾಖಲೆಯೂ ಇದೆ. ಬ್ರಿಟನ್ನಿನ ಟೆರ್ರಿ ಬರೋಸ್ 2009ರಲ್ಲಿ, ಪ್ರತಿಯೊಂದೂ ಸುಮಾರು 114 ಸೆಂಟಿಮೀಟರ್ ಚೌಕದ ಮೂರು ಗಾಜುಗಳನ್ನು 9.14 ಸೆಕೆಂಡಿನಲ್ಲಿ ಒರೆಸಿ ಗಿನ್ನೆಸ್ ದಾಖಲೆ ಬರೆದರು. ಈ ಸ್ಪರ್ಧೆಯ ನಿಯಮದಲ್ಲಿ ನನಗೆ ಹಿಡಿಸುವ ಅಂಶವೆಂದರೆ, ಗಾಜಿನ ಮೇಲೆ ಉಳಿದ ಒಂದೊಂದು ಗೆರೆಗೂ ಅರ್ಧ ಸೆಕೆಂಡು ದಂಡವಾಗಿ ಸೇರಿಕೊಳ್ಳುತ್ತದೆ. ಅಂದರೆ ಓಟದಲ್ಲಿಯೂ ಕಲೆಗೆ ಬೆಲೆ ತೆರಲೇಬೇಕು. ಬರೋಸ್ ಅವರ ಮುಂದೆ ಗ್ರಿಲ್ ಇರಲಿಲ್ಲ, ಸೊಳ್ಳೆ ಪರದೆ ಇರಲಿಲ್ಲ, ಸಜ್ಜಾದ ಮೇಲೆ ಸಂಸಾರ ಹೂಡಿದ ಪಾರಿವಾಳಗಳೂ ಇರಲಿಲ್ಲ ಎಂಬುದನ್ನು ಮಾತ್ರ ನಮ್ಮ ಹುಡುಗರಿಗೆ ನೆನಪಿಸುತ್ತೇನೆ.

ನಮ್ಮ ಕಿಟಕಿಗಳಲ್ಲಿ ವೇಗವನ್ನು ನಿರ್ಧರಿಸುವುದು ಕೆಲಸದ ಸರದಿ. ಮನೆಗೆ ಕಾಲಿಟ್ಟೊಡನೆ ಬಕೆಟ್ಟಿಗೆ ನೀರು ಹಿಡಿಯುವವನು ಅರ್ಧ ಗಂಟೆ ಕಳೆದುಕೊಂಡಂತೆಯೇ ಲೆಕ್ಕ. ಮೊದಲು ಇಡೀ ಮನೆಯ ಒಣ ಕೆಲಸ ಮುಗಿಯಬೇಕು: ಪರದೆಗಳನ್ನು ಕಳಚಿ ಬಾಲ್ಕನಿಯಲ್ಲಿ ಒರಗಿಸುವುದು, ಗ್ರಿಲ್ಲಿನ ಸರಳುಗಳ ಧೂಳನ್ನು ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉದುರಿಸುವುದು, ಟ್ರ್ಯಾಕಿನ ಮಣ್ಣನ್ನು ಹಳೆಯ ಪೇಂಟ್ ಬ್ರಷ್ಷಿನಿಂದ ಕೆದಕಿ ವ್ಯಾಕ್ಯೂಮಿನಲ್ಲಿ ಎಳೆಯುವುದು. ಟ್ರ್ಯಾಕಿನ ಮಣ್ಣು ಒಣಗಿರುವಾಗ ಒಂದು ನಿಮಿಷದಲ್ಲಿ ಹೋಗುತ್ತದೆ. ಅದಕ್ಕೆ ನೀರು ಬಿದ್ದರೆ ಹುತ್ತದ ಮಣ್ಣಿನಂತೆ ಅಂಟಿಕೊಂಡು, ಮಳೆನೀರು ಹೊರಹೋಗಲೆಂದು ಫ್ರೇಮಿನ ಅಡಿಯಲ್ಲಿ ಕೊರೆದ ಸಣ್ಣ ರಂಧ್ರಗಳನ್ನೂ ಮುಚ್ಚಿಬಿಡುತ್ತದೆ. ಆ ರಂಧ್ರ ಮುಚ್ಚಿದ ಮನೆಯಲ್ಲಿ ಮುಂದಿನ ಮಳೆಗೆ ನೀರು ಒಳಗೋಡೆಗೆ ಇಳಿಯುತ್ತದೆ, ದೂರು ಬರುವುದು ನಮಗೆ. ಒಣ ಕೆಲಸದ ಬಳಿಕ ಫ್ರೇಮುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಗಾಜಿನ ಸರದಿ ಎಲ್ಲಕ್ಕೂ ಕೊನೆಯದು.

ಅಪಾರ್ಟ್‌ಮೆಂಟಿನ ಸ್ಲೈಡಿಂಗ್ ಕಿಟಕಿಯಲ್ಲಿ ಇನ್ನೊಂದು ಒಗಟಿದೆ, ಅದನ್ನು ಬಿಡಿಸಲು ಬಾರದವರು ಅಲ್ಲೇ ಹೊತ್ತು ಕಳೆಯುತ್ತಾರೆ. ಜಾರುವ ಗಾಜಿನ ಬಾಗಿಲಿಗೆ ಫ್ಯಾಬ್ರಿಕೇಟರುಗಳು ಶಟರ್ ಎನ್ನುತ್ತಾರೆ. ಒಂದು ಶಟರ್ ಒಳಗಿನ ಟ್ರ್ಯಾಕಿನಲ್ಲಿ, ಇನ್ನೊಂದು ಹೊರಗಿನ ಟ್ರ್ಯಾಕಿನಲ್ಲಿ ಓಡುತ್ತದೆ. ಒಳಗಿನದನ್ನು ಪಕ್ಕಕ್ಕೆ ಸರಿಸಿದರೆ ತೆರೆದ ಜಾಗದಿಂದ ಕೈ ಹಾಕಿ ಹೊರಗಿನ ಶಟರಿನ ಹೊರಮೈಯನ್ನು ಮುಟ್ಟಬಹುದು. ಆದರೆ ಒಳಗಿನ ಶಟರಿನ ಹೊರಮೈ ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ಕೈ ಹಾಕಲು ಜಾಗ ಮಾಡಿದಷ್ಟೂ ಹೊರಗಿನ ಶಟರ್ ಬಂದು ಅದರ ಮೇಲೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ದಾರಿ ಎರಡು. ಕಿಟಕಿಯ ಹೊರಗೆ ಭದ್ರವಾದ ಗ್ರಿಲ್ ಇದ್ದರೆ, ಒಳಗಿನ ಶಟರನ್ನು ಮೇಲಿನ ಟ್ರ್ಯಾಕಿಗೆ ಎತ್ತಿ, ಕೆಳಗಿನ ಅಂಚನ್ನು ತಮ್ಮ ಕಡೆಗೆ ಎಳೆದುಕೊಂಡು, ಕಳಚಿ ನೆಲದ ಮೇಲೆ ಹಾಸಿದ ಚಾಪೆಯಲ್ಲಿಡಬಹುದು. ಗ್ರಿಲ್ ಇಲ್ಲದಿದ್ದರೆ ಶಟರ್ ಎತ್ತುವ ಮಾತೇ ಬೇಡ. ಎರಡು ಶಟರುಗಳ ನಡುವಿನ ಸಂದಿಗೆ, ತೆಳುವಾದ ಪಟ್ಟಿಗೆ ಸುತ್ತಿದ ಮೈಕ್ರೋಫೈಬರ್ ಬಟ್ಟೆಯನ್ನು ತೂರಿಸಿ ಒರೆಸಿದಷ್ಟೇ ಕೆಲಸ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಬೇಕು.

ಇದರಲ್ಲಿ ನಾನು ಕಟ್ಟುನಿಟ್ಟಾಗಿರುವುದಕ್ಕೆ ಕಾರಣ ತೂಕ. ಗಾಜು ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕಿಲೋ ತೂಗುತ್ತದೆ. ನಾಲ್ಕಡಿ ಎತ್ತರ, ಎರಡೂವರೆ ಅಡಿ ಅಗಲದ, 5 ಮಿಲಿಮೀಟರ್ ದಪ್ಪದ ಗಾಜು ಹನ್ನೊಂದೂವರೆ ಕಿಲೋದಷ್ಟಾಗುತ್ತದೆ. ಫ್ರೇಮಿನ ತೂಕ ಬೇರೆ. ಎಂಟನೆಯ ಮಹಡಿಯಲ್ಲಿ, ಸೋಪಿನ ಕೈಯಲ್ಲಿ, ಅದು ಹೊರಕ್ಕೆ ವಾಲಿದರೆ ಹಿಡಿದು ನಿಲ್ಲಿಸುವುದು ಯಾರಿಂದಲೂ ಆಗದ ಮಾತು. ಕಿಟಕಿಯ ಕಟ್ಟೆಯ ಮೇಲೆ ಹತ್ತಿ ನಿಂತು ಹೊರಗೆ ಬಗ್ಗುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಕೈಗೆಟುಕದ ಗಾಜನ್ನು ಬಿಟ್ಟು ಬರುವುದರಿಂದ ಒಬ್ಬ ಗ್ರಾಹಕ ಮುನಿಸಿಕೊಳ್ಳಬಹುದು, ಅಷ್ಟೇ.

ಇನ್ನು ಸಲಕರಣೆ. ನಾವು ವೈಪರ್ ಎನ್ನುವ, ಅಂಗಡಿಯವರು ಸ್ಕ್ವೀಜಿ ಎನ್ನುವ ಈ ಉಪಕರಣಕ್ಕೆ ಇಂದಿನ ರೂಪ ಕೊಟ್ಟವರು, ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋಗಿ ಕ್ಯಾಲಿಫೋರ್ನಿಯದಲ್ಲಿ ಕಿಟಕಿ ತೊಳೆಯುತ್ತಿದ್ದ ಎಟೋರೆ ಸ್ಟೆಕೋನೆ. ಅವರಿಗಿಂತ ಮುಂಚೆ ಬಳಕೆಯಲ್ಲಿದ್ದದ್ದು ಭಾರವಾದ ಉಕ್ಕಿನದು. ರಬ್ಬರ್ ಬದಲಿಸಬೇಕಾದರೆ ಹನ್ನೆರಡು ತಿರುಪು ಬಿಚ್ಚಬೇಕಿತ್ತು. 1936ರಲ್ಲಿ ಸ್ಟೆಕೋನೆ ಹಗುರವಾದ ಹಿತ್ತಾಳೆಯದನ್ನು ತಂದರು, ಅದರಲ್ಲಿ ರಬ್ಬರ್ ಒಂದೇ ಪಟ್ಟಿ. ತಾನೇ ಗಾಜಿನ ಮುಂದೆ ನಿಂತು ದುಡಿದವನಿಗಷ್ಟೇ ಹೊಳೆಯುವ ಸುಧಾರಣೆ ಇದು, ಏಕೆಂದರೆ ವೈಪರಿನ ಜೀವ ಇರುವುದೇ ರಬ್ಬರಿನ ಚೂಪಾದ ಅಂಚಿನಲ್ಲಿ. ಆ ಅಂಚಿನಲ್ಲಿ ಕೂದಲೆಳೆಯಷ್ಟು ಕಚ್ಚು ಬಿದ್ದರೂ ಗಾಜಿನುದ್ದಕ್ಕೂ ಒಂದು ನೀರಿನ ಗೆರೆ ಉಳಿಯುತ್ತದೆ. ಉಗುರಿನ ತುದಿಯನ್ನು ಅಂಚಿನ ಮೇಲೆ ಹಗುರವಾಗಿ ಎಳೆದು ನೋಡಿದರೆ ಕಚ್ಚು ತಿಳಿಯುತ್ತದೆ. ಪಟ್ಟಿಯನ್ನು ಮಗುಚಿ ಹಾಕಿದರೆ ಇನ್ನೊಂದು ಅಂಚು ಸಿಗುತ್ತದೆ, ಅದೂ ಸವೆದ ಮೇಲೆ ಹೊಸದನ್ನೇ ಹಾಕಬೇಕು. ರಬ್ಬರಿನಲ್ಲಿ ಹಣ ಉಳಿಸಲು ಹೋಗುವವರು ಮರುಕೆಲಸದಲ್ಲಿ ಅದರ ಹತ್ತರಷ್ಟು ಕಳೆಯುವುದನ್ನು ಕಂಡಿದ್ದೇನೆ. ಅಳತೆಯಲ್ಲಿ, ನಮ್ಮ ಶಟರುಗಳಿಗೆ 14 ಇಂಚಿನದು ಒಂದು, ಸಣ್ಣ ಗಾಜುಗಳಿಗೆ 6 ಇಂಚಿನದು ಒಂದು ಸಾಕು. ಹಳೆಯ ಮನೆಗಳ, ಒಳಗೆ ಸರಳಿರುವ ಮರದ ಕಿಟಕಿಗಳಲ್ಲಿ ಆ ಚಿಕ್ಕದೂ ತಿರುಗುವುದಿಲ್ಲ. ಅಲ್ಲಿ ಬಟ್ಟೆಯೇ ಗತಿ.

ಎಳೆಯುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಗೆರೆ ಹುಟ್ಟುವುದು ಇಲ್ಲಿಯೇ. ಗಾಜನ್ನು ಒದ್ದೆ ವಾಷರಿನಿಂದ, ಅಂದರೆ ಹಿಡಿಗೆ ಬಟ್ಟೆಯ ತೋಳು ತೊಡಿಸಿದ ಉಪಕರಣದಿಂದ, ಅಂಚಿನವರೆಗೂ ಚೆನ್ನಾಗಿ ಉಜ್ಜಿದ ಮೇಲೆ, ಮೇಲಂಚಿನ ಉದ್ದಕ್ಕೂ ಅರ್ಧ ಇಂಚು ಜಾಗವನ್ನು ಬಟ್ಟೆಯಿಂದ ಒಣಗಿಸಿಕೊಳ್ಳಬೇಕು. ವೈಪರಿನ ರಬ್ಬರ್ ಈ ಒಣ ಪಟ್ಟಿಯಿಂದ ಹೊರಟರೆ ಮೇಲಿನಿಂದ ನೀರು ಹನಿಯುವುದಿಲ್ಲ. ಪಕ್ಕದಿಂದ ಪಕ್ಕಕ್ಕೆ ಎಳೆಯುವಾಗ ವೈಪರಿನ ಮೇಲ್ತುದಿ ಸ್ವಲ್ಪ ಮುಂದಿದ್ದು, ನೀರು ಕೆಳಕ್ಕೆ, ಅಂದರೆ ಇನ್ನೂ ಒರೆಸದ ಕಡೆಗೆ ಹರಿಯಬೇಕು. ಎರಡನೆಯ ಎಳೆತವು ಮೊದಲನೆಯದರ ಮೇಲೆ ಒಂದಿಂಚು ಹತ್ತಿಕೊಂಡೇ ಸಾಗಬೇಕು, ಪ್ರತಿ ಎಳೆತದ ಕೊನೆಗೆ ರಬ್ಬರನ್ನು ಬಟ್ಟೆಗೆ ಒರೆಸಿಕೊಳ್ಳಬೇಕು. ಇದು ಕೈಗೆ ಕೂತ ಮೇಲೆ ವೈಪರನ್ನು ಎತ್ತದೆಯೇ, ಮಣಿಕಟ್ಟಿನಲ್ಲಿ ತಿರುಗಿಸಿ ಹಾವಿನ ನಡೆಯಂತೆ ಕೆಳಗಿಳಿಸುವ ಬೀಸು ತಾನಾಗಿ ಬರುತ್ತದೆ. ಆ ಬೀಸನ್ನೇ ಮೊದಲು ಕಲಿಯಲು ಹೊರಟವರ ಗಾಜಿನಲ್ಲಿ, ತಿರುವು ಇದ್ದಲ್ಲೆಲ್ಲ ಅರ್ಧಚಂದ್ರದ ಕಲೆ ಉಳಿದಿರುತ್ತದೆ.

ಒತ್ತುವುದು ಎಲ್ಲರೂ ಮಾಡುವ ತಪ್ಪು. "ಅಣ್ಣಾ, ಒತ್ತಿದ್ರೆ ತಾನೇ ಕೊಳೆ ಹೋಗೋದು?" ಎಂದು ಒಬ್ಬ ಹುಡುಗ ಕೇಳಿದ್ದ. ಕೊಳೆ ಬಿಡಿಸುವುದು ವಾಷರ್, ವೈಪರಿನದು ನೀರು ತೆಗೆಯುವ ಕೆಲಸ ಮಾತ್ರ. ಒತ್ತಿದಾಗ ರಬ್ಬರ್ ಬಾಗಿ, ಅಂಚಿನ ಬದಲು ಮೈ ಗಾಜಿಗೆ ತಾಗುತ್ತದೆ, ನೀರು ಅದರಡಿಯಲ್ಲೇ ಉಳಿಯುತ್ತದೆ. ಅವನನ್ನು ನಾಲ್ಕು ದಿನ ಎರಡೇ ಬೆರಳು, ಹೆಬ್ಬೆರಳಿನಲ್ಲಿ ವೈಪರ್ ಹಿಡಿದು ಎಳೆಯುವಂತೆ ಮಾಡಿದೆ. ಐದನೆಯ ದಿನ ಅವನಿಗೆ ಕಿವಿಯೇ ಗುರುವಾಯಿತು. ಸರಿಯಾಗಿ ಜಾರುವ ರಬ್ಬರಿಗೆ ಸದ್ದಿಲ್ಲ. ಕಿರುಗುಟ್ಟಿದರೆ ಗಾಜು ಆರಿದೆ ಎಂದರ್ಥ, ದಡದಡ ಕುಪ್ಪಳಿಸಿದರೆ ಒತ್ತಡ ಹೆಚ್ಚಾಗಿದೆ ಎಂದರ್ಥ.

ಗಾಜು ಬೇಗ ಆರುವುದಕ್ಕೆ ಬಿಸಿಲೇ ಕಾರಣ. ಆದ್ದರಿಂದ ಬೆಳಗ್ಗೆ ಪಶ್ಚಿಮದ ಕಿಟಕಿಗಳನ್ನೂ ಮಧ್ಯಾಹ್ನದ ಮೇಲೆ ಪೂರ್ವದವನ್ನೂ ಹಿಡಿಯುವುದು ನನ್ನ ರೂಢಿ. ಹಾಗಾದರೆ ಕೆಲಸವೆಲ್ಲ ನೆರಳಿನಲ್ಲೇ ನಡೆಯುತ್ತದೆ. ಸೋಪು ಒಂದು ಬಕೆಟ್ಟಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಕೆಲವೇ ಹನಿ ಸಾಕು. ನೊರೆ ಹೆಚ್ಚಾದಷ್ಟೂ ಅದರ ಪೊರೆಯನ್ನು ತೆಗೆಯುವ ಕೆಲಸ ಹೆಚ್ಚುತ್ತದೆ. ಅಡುಗೆಮನೆಯ ಕಿಟಕಿಗೆ ಮಾತ್ರ ಬೇರೆ ಲೆಕ್ಕ. ವರ್ಷಗಟ್ಟಲೆ ಒಗ್ಗರಣೆಯ ಜಿಡ್ಡು ಹಿಡಿದ ಗಾಜಿಗೆ ಮೊದಲು ಬಿಸಿನೀರು, ಸ್ವಲ್ಪ ಹೆಚ್ಚು ಸೋಪು ಹಾಕಿ ಐದು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಹೊಸ ನೀರಿನಲ್ಲಿ ಸಾಮಾನ್ಯ ಕ್ರಮ ಅನುಸರಿಸಬೇಕು.

ಬೆಂಗಳೂರಿನಲ್ಲಿ ಗಾಜಿಗೆ ದೊಡ್ಡ ಶತ್ರು ಧೂಳಿಗಿಂತ ಬೋರ್‌ವೆಲ್ ನೀರು. ಕುಡಿಯುವ ನೀರಿಗೆ ಭಾರತೀಯ ಮಾನಕವಾದ ಐಎಸ್ 10500 ಒಪ್ಪುವ ಕರಗಿದ ಲವಣಗಳ ಮಿತಿಯೇ ಲೀಟರಿಗೆ 500 ಮಿಲಿಗ್ರಾಂ. ಅಂದರೆ ಕುಡಿಯಲು ಯೋಗ್ಯವಾದ ನೀರೂ ಒಂದು ಲೀಟರ್ ಆರಿದ ಜಾಗದಲ್ಲಿ ಅರ್ಧ ಗ್ರಾಂ ಬಿಳಿ ಪುಡಿ ಬಿಟ್ಟುಹೋಗಬಹುದು; ಗಡಸು ಬೋರ್‌ವೆಲ್ ನೀರು ಅದಕ್ಕಿಂತಲೂ ಹೆಚ್ಚು. ಹೊರದೇಶಗಳಲ್ಲಿ ಲವಣವನ್ನೆಲ್ಲ ತೆಗೆದ ನೀರನ್ನು ಉದ್ದನೆಯ ಕಂಬದ ಬ್ರಷ್ಷಿನಲ್ಲಿ ಹಾಯಿಸಿ, ಒರೆಸದೆಯೇ ಆರಲು ಬಿಡುವ ಪದ್ಧತಿ ಸಾಮಾನ್ಯ. ನಮ್ಮ ಮನೆಗೆಲಸಕ್ಕೆ ಅಷ್ಟು ಬೇಕಿಲ್ಲ, ಕಾವೇರಿ ನಲ್ಲಿ ಇದ್ದರೆ ಅದರ ನೀರು ಕೇಳಿ ಪಡೆಯುತ್ತೇನೆ. ಏಸಿಯ ಕೊಳವೆಯಿಂದ ಹನಿಯುವ ನೀರನ್ನು ಡಬ್ಬಿಯಲ್ಲಿ ಹಿಡಿದಿಟ್ಟ ಮನೆಯಾದರೆ ಇನ್ನೂ ಒಳ್ಳೆಯದು. ಅದು ಗಾಳಿಯ ತೇವ ಕೂಡಿ ಆದದ್ದಾದ್ದರಿಂದ ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಆರ್‌ಒ ಯಂತ್ರ ಹೊರಬಿಡುವ ನೀರನ್ನು "ಸುಮ್ಮನೆ ಹಾಳಾಗ್ತಿದೆ, ಇದನ್ನೇ ತಗೊಳ್ಳಿ" ಎಂದು ಬಕೆಟ್ಟಿನಲ್ಲಿ ತಂದುಕೊಡುವ ಅಮ್ಮಂದಿರಿಗೆ, ಅದರಲ್ಲಿ ಉಪ್ಪು ಮೊದಲಿಗಿಂತ ದಟ್ಟವಾಗಿರುತ್ತದೆ ಎಂದು ವಿವರಿಸಿ, ನೆಲ ಒರೆಸಲು ಬಳಸಿಕೊಳ್ಳಿ ಎನ್ನುತ್ತೇನೆ.

ಈಗಾಗಲೇ ಕೂತ ಬಿಳಿ ಕಲೆಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಅಥವಾ ವಿನೆಗರ್ ಮೊದಲ ಪ್ರಯೋಗವಾಗಬೇಕು. ನಿಂಬೆ ಉಪ್ಪಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಗಾಜಿಗೆ ಹತ್ತು ನಿಮಿಷ ಅಂಟಿಸಿಟ್ಟರೆ ಸುಣ್ಣದ ಅಂಶ ಕರಗುತ್ತದೆ. ಕಿಟಕಿಯ ಕಟ್ಟೆ ಮಾರ್ಬಲ್ಲಿನದಾದರೆ ಅದರ ಮೇಲೆ ಒಂದು ಹನಿಯೂ ಬೀಳದಂತೆ ಪ್ಲಾಸ್ಟಿಕ್ ಹಾಸಬೇಕು, ಏಕೆಂದರೆ ಮಾರ್ಬಲ್ ಕೂಡ ಸುಣ್ಣದ ಕಲ್ಲೇ. ಟಾಯ್ಲೆಟ್ ಕ್ಲೀನರ್ ಸುರಿಯುವವರಿದ್ದಾರೆ; ಅದರ ಆಮ್ಲ ಅಲ್ಯೂಮಿನಿಯಂ ಫ್ರೇಮನ್ನು ತಿನ್ನುತ್ತದೆ. ಆಮ್ಲಕ್ಕೂ ಹೋಗದ ಕಲೆ ಸಿಲಿಕಾದ್ದು, ಇಲ್ಲವೇ ಗಾಜಿನ ಮೈಯೇ ಸವೆದದ್ದು. ಅದಕ್ಕೆ ಸೀರಿಯಂ ಆಕ್ಸೈಡ್ ಪಾಲಿಶ್ ಬೇಕಾಗುತ್ತದೆ, ಅದು ಬೇರೆಯೇ ಕೆಲಸ, ಬೇರೆಯೇ ದರ.

ಪೇಂಟಿನ ಚುಕ್ಕೆ, ಸಿಮೆಂಟಿನ ಹನಿ ಕಂಡೊಡನೆ ಬ್ಲೇಡ್ ತೆಗೆಯುವ ಚಪಲ ನನಗೂ ಇತ್ತು. ಹೊಸ ಫ್ಲ್ಯಾಟೊಂದರಲ್ಲಿ ನಡುಮನೆಯ ದೊಡ್ಡ ಗಾಜಿನ ಮೇಲೆ, ನೀರೂ ಹಾಕಿಕೊಂಡೇ, ಬ್ಲೇಡನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿದೆ. ಸಂಜೆ ಇಳಿಬಿಸಿಲು ಗಾಜಿಗೆ ಓರೆಯಾಗಿ ಬಿದ್ದಾಗ ನೂರಾರು ಸಣ್ಣ ಗೀರುಗಳು ಜೇಡರ ಬಲೆಯಂತೆ ಹೊಳೆದವು. ಗಾಜಿನ ಮೂಲೆಯಲ್ಲಿ ಟಫನ್ಡ್ ಎಂಬ ಸಣ್ಣ ಮುದ್ರೆ ಇತ್ತು, ನಾನು ನೋಡಿರಲಿಲ್ಲ. ಕುಲುಮೆಯಲ್ಲಿ ಹದಗೊಂಡ ಅಂಥ ಗಾಜಿನ ಮೈಯಲ್ಲಿ ತಯಾರಿಕೆಯ ವೇಳೆ ಕೂತ ಸೂಕ್ಷ್ಮ ಕಣಗಳು ಇರಬಹುದು; ಬ್ಲೇಡ್ ಅವನ್ನು ಕಿತ್ತು ಗಾಜಿನುದ್ದಕ್ಕೂ ಎಳೆದಾಡುತ್ತದೆ. ಆ ಗಾಜಿನ ಬೆಲೆಯನ್ನು ನಾನೇ ತೆತ್ತೆ. ಅಂದಿನಿಂದ ಮೂಲೆಯ ಮುದ್ರೆ ನೋಡದೆ ಬ್ಲೇಡ್ ಮುಟ್ಟುವುದಿಲ್ಲ. ಸಾದಾ ಗಾಜಿನಲ್ಲಿಯೂ ಹೊಸ ಬ್ಲೇಡು, ಧಾರಾಳ ಸೋಪಿನ ನೀರು, ಮುಂದಕ್ಕೆ ಒಂದೇ ದಿಕ್ಕಿನ ನೂಕು, ಹಿಂದಕ್ಕೆ ಬರುವಾಗ ಬ್ಲೇಡನ್ನು ಗಾಜಿನಿಂದ ಎತ್ತಿಕೊಳ್ಳುವುದು. ಪಾರಿವಾಳದ ಹಿಕ್ಕೆಗಂತೂ ಬ್ಲೇಡ್ ಬೇಡವೇ ಬೇಡ. ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆ ಹೊದಿಸಿ ನೆನೆಸಿದರೆ ತಾನಾಗಿ ಬಿಡುತ್ತದೆ. ಒಣಗಿದ್ದನ್ನು ಕೆರೆದರೆ ಪುಡಿ ಮೂಗಿಗೆ ಹೋಗುತ್ತದೆ.

ಅಂಚು ಒರೆಸಲು ಮೈಕ್ರೋಫೈಬರ್ ಬಟ್ಟೆ ಒಳ್ಳೆಯದೇ, ಆದರೆ ನೂರು ಸಲ ಒಗೆದು ಮೆತ್ತಗಾದ ಹತ್ತಿಯ ಹಳೆ ಪಂಚೆಯ ತುಂಡಿಗೆ ಸಮನಾದದ್ದನ್ನು ನಾನು ಕಂಡಿಲ್ಲ. ಅದು ನೂಲು ಬಿಡುವುದಿಲ್ಲ. ಬಟ್ಟೆಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿ, ಅಂಚಿನುದ್ದಕ್ಕೂ ಒಂದೇ ಸಲ ಎಳೆಯಬೇಕು. ಗಾಜಿನ ನಡುವೆ ಎಲ್ಲೋ ಗೆರೆ ಕಂಡರೆ ಬಟ್ಟೆಯಿಂದ ತೇಪೆ ಹಾಕುವ ಬದಲು ಇಡೀ ಗಾಜನ್ನು ಮತ್ತೆ ಒದ್ದೆ ಮಾಡಿ ಎಳೆಯುವುದೇ ಬೇಗ ಮುಗಿಯುವ ದಾರಿ.

ಗಾಜನ್ನು ಫ್ರೇಮಿಗೆ ಬಿಗಿಹಿಡಿಯುವ ಕಪ್ಪು ರಬ್ಬರ್ ಬೀಡಿಂಗ್ ಒಳಗೊಳಗೇ ನೀರು ಹಿಡಿದಿಟ್ಟುಕೊಂಡು, ಕಾಲು ಗಂಟೆಯ ಬಳಿಕ ನಿಧಾನವಾಗಿ ಒಂದೊಂದೇ ಹನಿ ಬಿಡುತ್ತದೆ. ಆದ್ದರಿಂದ ಕೊನೆಯ ಕಿಟಕಿ ಮುಗಿಸಿ ಪರದೆಗಳನ್ನು ಕೂರಿಸುವ ಮುಂಚೆ, ಒಣಬಟ್ಟೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಮೊದಲ ಕಿಟಕಿಯಿಂದ ಮತ್ತೊಮ್ಮೆ ಸುತ್ತು ಬರುತ್ತೇನೆ. ಎದುರಿಗೆ ನಿಂತು ನೋಡಿದರೆ ಆ ಹನಿ ಕಾಣುವುದಿಲ್ಲ. ಗೋಡೆಗೆ ತಲೆ ತಾಗಿಸಿ, ಗಾಜನ್ನು ಓರೆಯಾಗಿ ನೋಡಬೇಕು.