ಮೇಗುಟಿ ಗುಡ್ಡದ ಕಲ್ಮನೆಗಳ ವಯಸ್ಸು ಪತ್ತೆ ಮಾಡುವುದು ಹೇಗೆ?

ಐಹೊಳೆಯ ಮೇಗುಟಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನಕ್ಕೆ ತಾರೀಖಿದೆ: ಶಕ 556, ಅಂದರೆ ಕ್ರಿ.ಶ. 634. ಅದೇ ಗುಡ್ಡದ ಬಯಲು ಬಂಡೆಯ ಮೇಲಿರುವ ಕಲ್ಮನೆಗಳಿಗೆ, ಅಂದರೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಹಳೆಯ ಸಮಾಧಿ ಕೋಣೆಗಳಿಗೆ, ಆ ಭಾಗ್ಯವಿಲ್ಲ. ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳು ಬಹುಪಾಲು ಕಬ್ಬಿಣಯುಗದವು, ಸರಿಸುಮಾರು ಕ್ರಿ.ಪೂ. 1200ರಿಂದ 300ರೊಳಗಿನವು. ಆದರೆ ಇದು ಇಡೀ ಪರಂಪರೆಯ ವಯಸ್ಸು, ನಿಮ್ಮೆದುರು ನಿಂತ ಕಲ್ಲಿನದಲ್ಲ.

ಕಟ್ಟಿದ ರೀತಿ ಸರಳ. ಇಲ್ಲಿನ ಮರಳುಗಲ್ಲು ಪದರಪದರವಾಗಿ ಏಳುತ್ತದೆ. ಮೂರು ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿದರೆ ಕೋಣೆ ಸಿದ್ಧ. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲ, ಕಾಲು ಮೀಟರ್ ದಪ್ಪದ ಚಪ್ಪಡಿ ಎಂದರೆ ಒಂದೂಕಾಲು ಘನಮೀಟರ್, ಸುಮಾರು ಮೂರು ಟನ್. ಬರಿ ಬಂಡೆಯಲ್ಲಿ ಕುಣಿ ತೋಡಿ ನೆಡಲಾಗದು, ಚಿಕ್ಕ ಕಲ್ಲುಗಳನ್ನು ಬೆಣೆಯಾಗಿ ಸಿಕ್ಕಿಸಬೇಕು. ಬೆಣೆ ಸಡಿಲಾದರೆ ನಿಂತ ಕಲ್ಲು ಜಾರುತ್ತದೆ, ಮೇಲಿನದೂ ಬೀಳುತ್ತದೆ.

ತೊಡಕಿರುವುದು ಈ ಬರಿ ಬಂಡೆಯಲ್ಲೇ. ಕಲ್ಲನ್ನು ಎಬ್ಬಿಸಿದ್ದು ಯಾವಾಗ ಎಂದು ಕಲ್ಲಿನ ಒಡಲು ಹೇಳದು. ಅದರಡಿ ಸಿಕ್ಕ ವಸ್ತು ಹೇಳಬೇಕು. ಜೀವಿಯ ಅವಶೇಷದಲ್ಲಿ ಉಳಿದ ಇಂಗಾಲದಿಂದ ವಯಸ್ಸು ಹೇಳುವ ರೇಡಿಯೋ ಕಾರ್ಬನ್ ಪರೀಕ್ಷೆಗೆ ಇದ್ದಿಲೋ ಎಲುಬೋ ಬೇಕು. ತೆರೆದ ಕೋಣೆಯಲ್ಲಿ ಸಿಗುವ ಇದ್ದಿಲು ಮಳೆಗೆ ಒಳಸೇರಿದ ಕುರಿಗಾಹಿ ಚಹಾ ಕಾಸಿದ್ದೂ ಆಗಿರಬಹುದು!

ಇನ್ನೊಂದು ದಾರಿ ಬೆಳಕಿನದು. ಮಣ್ಣಿನ ಕ್ವಾರ್ಟ್ಜ್ ಕಣಗಳು ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣವನ್ನು ಕೂಡಿಡುತ್ತಾ ಹೋಗುತ್ತವೆ. ಬಿಸಿಲು ಬಿದ್ದರೆ ಖಾತೆ ಸೊನ್ನೆ. ಕಲ್ಲಿನಡಿ ಕತ್ತಲಾದ ದಿನದಿಂದ ಮತ್ತೆ ಜಮಾ ಶುರು. ಪ್ರಯೋಗಾಲಯದಲ್ಲಿ ನೀಲಿ ಬೆಳಕು ಹಾಯಿಸಿ, ಕಣ ಹೊರಬಿಡುವ ಮಿಣುಕನ್ನು ಅಳೆಯುತ್ತಾರೆ. ಒಟ್ಟು ವಿಕಿರಣವನ್ನು ವರ್ಷದ ವಿಕಿರಣದಿಂದ ಭಾಗಿಸಿದರೆ ವಯಸ್ಸು. ಹಾಗಾಗಿ ಮಾದರಿ ತೆಗೆಯುವಾಗ ಬೆಳಕು ತಾಗಲೇಬಾರದು: ಉಕ್ಕಿನ ಕೊಳವೆಯನ್ನು ಮಣ್ಣಿಗೆ ಬಡಿದು, ಎರಡೂ ಬಾಯಿ ಮುಚ್ಚಿ, ಕಪ್ಪು ಚೀಲದಲ್ಲಿ ಸುತ್ತಬೇಕು. ಸುತ್ತಲ ಮಣ್ಣನ್ನೂ ಬೇರೆಯಾಗಿ ಒಯ್ಯಬೇಕು, ತೇವ ಅಳೆಯಬೇಕು. ನೀರು ವಿಕಿರಣವನ್ನು ತಡೆಯುತ್ತದೆ. ತೇವವನ್ನು ಕಡಿಮೆ ಲೆಕ್ಕ ಹಿಡಿದರೆ ವಯಸ್ಸೂ ಕಡಿಮೆ ಬರುತ್ತದೆ.

ಮರಳುಗಲ್ಲಿನ ಗುಡ್ಡದಲ್ಲಿ ಮೋಸ ಬೇರೆಯೇ ಇದೆ. ಬಂಡೆಯೊಳಗಿಂದ ಉದುರಿ ನೇರ ಮಣ್ಣು ಸೇರಿದ ಕಣ ಬಿಸಿಲು ಕಂಡೇ ಇರುವುದಿಲ್ಲ, ಅದರ ಖಾತೆ ಮೊದಲೇ ತುಂಬಿರುತ್ತದೆ. ಅಂಥವು ನಾಲ್ಕು ಬೆರೆತರೂ ವಯಸ್ಸು ಸಾವಿರಾರು ವರ್ಷ ಹಿಗ್ಗೀತು. ಒಟ್ಟಾಗಿ ಅಳೆದ ಲೆಕ್ಕವನ್ನು ಇಲ್ಲಿ ನಂಬಬಾರದು. ಒಂದೊಂದೇ ಕಣ ಅಳೆದು, ತುಂಬಿದವನ್ನು ಬೇರ್ಪಡಿಸುವುದೇ ದಾರಿ.

ಮಣ್ಣೇ ಇಲ್ಲದಿದ್ದರೆ ಕಲ್ಲಿನ ಮೈಯನ್ನೇ ಕೇಳಬಹುದು. ಬಿಸಿಲು ಕಲ್ಲಿನೊಳಕ್ಕೆ ಕೆಲವು ಮಿಲಿಮೀಟರ್ ಇಳಿದು ಅಲ್ಲಿಯ ಖಾತೆಯನ್ನೂ ಅಳಿಸುತ್ತದೆ. ನೆಲಕ್ಕೆ ಒತ್ತಿ ಮುಚ್ಚಿಹೋದ ಬುಡದಿಂದ ಬೆರಳುಗಾತ್ರದ ಕಂಬಿ ಕೊರೆದು, ಕತ್ತಲಲ್ಲೇ ಒಂದು ಮಿಲಿಮೀಟರ್ ಬಿಲ್ಲೆಗಳಾಗಿ ಸೀಳಿ ಅಳೆಯುತ್ತಾರೆ. ಮುಚ್ಚುವ ಮುಂಚೆ ಆ ಮೈ ಸಾಕಷ್ಟು ಬಿಸಿಲು ಕಂಡಿರಬೇಕು. ಬಿದ್ದ ಕಲ್ಲನ್ನು ನಡುವೆ ಯಾರಾದರೂ ಎತ್ತಿ ಬಿಸಿಲಿಗಿಟ್ಟು ಮತ್ತೆ ನಿಲ್ಲಿಸಿದ್ದರೆ, ಸಿಗುವುದು ಮರುನಿಲ್ಲಿಸಿದ ಕಾಲ ಮಾತ್ರ.