ಪ್ಯಾಕೆಟ್ ಇಳೀತು, ಸರಿ, ಪಾಯಿಂಟರ್ ಎಲ್ಲಿ ನಿಂತಿದೆ? ಡಯಲಪ್ ಬೋರ್ಡಲ್ಲಿ ಆಫ್‌ಲೈನ್ ಮೇಲ್

ಹೊಸದಾಗಿ ಬೋರ್ಡ್ (ಮೋಡೆಮಿಂದ ಫೋನ್ ಮಾಡಿ ಮೆಸೇಜ್ ಓದಿ ಬರೆಯೋ ಬಿಬಿಎಸ್) ನಡೆಸೋಕೆ ಕೂತ ಸಿಸಾಪ್‌ಗಳು, ಅಂದ್ರೆ ಬೋರ್ಡ್ ನೋಡ್ಕೊಳ್ಳೋರು, ಆಫ್‌ಲೈನ್ ಮೇಲ್ ಡೋರ್ (ಹೊಸ ಮೆಸೇಜ್‌ಗಳನ್ನ ಒಂದೇ ಪ್ಯಾಕೆಟ್ ಫೈಲಾಗಿ ಕಟ್ಟಿ ಕೊಟ್ಟು, ಉತ್ತರಗಳನ್ನ ವಾಪಸ್ ತಗೊಳ್ಳೋ ಪ್ರೋಗ್ರಾಂ) ಹಾಕಿದ್ಮೇಲೆ ಕೇಳೋದೆಲ್ಲ ಮೋಡೆಮ್ ಬಗ್ಗೇನೇ, ಯಾವ ಇನಿಟ್ ಸ್ಟ್ರಿಂಗ್ (ಮೋಡೆಮಿಗೆ ಶುರುವಲ್ಲಿ ಕೊಡೋ ಆದೇಶ) ಹಾಕ್ಲಿ, ಫೈಲ್ ಕಳಿಸೋಕೆ ಯಾವ ಪ್ರೋಟೋಕಾಲ್ ಇಡ್ಲಿ ಅಂತ. ಆದ್ರೆ ಆಮೇಲೆ ಬರೋ ಕಂಪ್ಲೇಂಟ್ ನೋಡಿದ್ರೆ ಮೋಡೆಮ್ ಕಡೆಯಿಂದ ಬರೋದು ಕಮ್ಮಿ. "ನಿನ್ನೆ ಮೆಸೇಜ್‌ಗಳೇ ಬಂದಿಲ್ಲ", "ಅದೇ ಮೆಸೇಜ್ ಮೂರು ಸಲ ಬಂತು", "ನಾನು ಬರೆದ ಉತ್ತರ ಬೇರೆ ಎಲ್ಲೋ ಹೋಗಿ ಕೂತಿದೆ", ಇವು ಮೂರೇ ಸುತ್ತಿ ಸುತ್ತಿ ಬರತ್ವೆ, ಮೂರಕ್ಕೂ ಕಾರಣ ಸಿಗೋದು ಲಾಸ್ಟ್ ರೀಡ್ ಪಾಯಿಂಟರ್ (ಯಾರಿಗೆ ಎಲ್ಲಿವರೆಗೆ ಮೆಸೇಜ್ ಕೊಟ್ಟಾಗಿದೆ ಅನ್ನೋ ಗುರುತು), ಕಾನ್ಫರೆನ್ಸ್ (ಬೋರ್ಡಿನ ಒಂದೊಂದು ಚರ್ಚಾ ವಿಭಾಗ) ನಂಬರ್ ಈ ಎರಡರಲ್ಲೇ. ಅದಕ್ಕೇ ಮೋಡೆಮ್ ವಿಷಯ ಕೊನೇಗೆ ಎರಡು ಮಾತಲ್ಲಿ ಮುಗಿಸ್ತೀನಿ.

ಮೊದಲು ಲೆಕ್ಕ. ಒಂದೇ ಫೋನ್ ಲೈನ್ ಇರೋ ಬೋರ್ಡಲ್ಲಿ ಒಬ್ಬ ಒಳಗಿದ್ರೆ ಉಳಿದವರಿಗೆಲ್ಲ ಎಂಗೇಜ್ ಟೋನ್. 2400 ಬಿಪಿಎಸ್ ಮೋಡೆಮಲ್ಲಿ ಒಂದು ಅಕ್ಷರಕ್ಕೆ ಸ್ಟಾರ್ಟ್ ಸ್ಟಾಪ್ ಸೇರಿ 10 ಬಿಟ್, ಅಂದ್ರೆ ಸೆಕೆಂಡಿಗೆ 240 ಅಕ್ಷರ. ಒಂದೂವರೆ ಸಾವಿರ ಅಕ್ಷರದ 200 ಮೆಸೇಜ್ ಅಂದ್ರೆ 3 ಲಕ್ಷ ಅಕ್ಷರ, ಬರೀ ಸ್ಕ್ರೀನ್ ಮೇಲೆ ಹರಿಯೋಕೇ 20 ನಿಮಿಷ ದಾಟತ್ತೆ, ಅದರ ಮೇಲೆ ಅವನು ನಿಲ್ಲಿಸಿ ಓದ್ಬೇಕು, ಯೋಚನೆ ಮಾಡಿ ಉತ್ತರ ಟೈಪ್ ಮಾಡ್ಬೇಕು, ಅಷ್ಟೊತ್ತೂ ಲೈನ್ ಅವನದ್ದೇ. ಅದನ್ನೇ ಜಿಪ್ ಮಾಡಿ 40 ಪರ್ಸೆಂಟಿಗೆ ಇಳಿಸಿದ್ರೆ ಎಂಟೊಂಬತ್ತು ನಿಮಿಷ, 14400 ಮೋಡೆಮಲ್ಲಿ ಒಂದೂವರೆ ನಿಮಿಷ, ಫೋನ್ ಇಟ್ಟು ನಿಧಾನಕ್ಕೆ ಓದ್ಕೊಳ್ಲಿ. ಮಾರ್ಕ್ ಹೆರಿಂಗ್ 1987ರಲ್ಲಿ ಪಿಸಿಬೋರ್ಡ್ ಅನ್ನೋ ಬೋರ್ಡ್ ಸಾಫ್ಟ್‌ವೇರಿಗೆ ಅಂತ ಮಾಡಿದ ಕ್ಯೂಡಬ್ಲ್ಯೂಕೆ (QWK) ಪ್ಯಾಕೆಟ್ ಫಾರ್ಮ್ಯಾಟ್ ಎಲ್ಲಾ ಕಡೆ ಹಬ್ಬೋಕೆ ಕಾರಣಾನೂ ಇಷ್ಟೇ. ಬ್ಲೂ ವೇವ್ ಅಂತ ಇನ್ನೊಂದಿದೆ, ನೆಟ್‌ಮೇಲ್ (ಬೋರ್ಡಿಂದ ಬೋರ್ಡಿಗೆ ಹೋಗೋ ಖಾಸಗಿ ಮೇಲ್), ಫೈಲ್ ರಿಕ್ವೆಸ್ಟ್ ಎಲ್ಲ ಅದರಲ್ಲೇ ಚೆನ್ನಾಗಿ ಕೂತಿದೆ, ಡಿಸೈನ್ ಕೂಡ ಅದರದ್ದೇ ಮೇಲು ಅಂತ ನನ್ನ ಅಭಿಪ್ರಾಯ. ಆದ್ರೂ ಒಂದನ್ನ ಮಾತ್ರ ಇಡೋದಾದ್ರೆ ಕ್ಯೂಡಬ್ಲ್ಯೂಕೆ ಇಡಿ, ಅದನ್ನ ಓದದೇ ಇರೋ ರೀಡರ್ (ಬಳಕೆದಾರ ಮನೇಲಿ ಪ್ಯಾಕೆಟ್ ಬಿಚ್ಚಿ ಓದೋ ಪ್ರೋಗ್ರಾಂ) ಸಿಗೋದು ಕಷ್ಟ.

ಪ್ಯಾಕೆಟ್ ಬಿಚ್ಚಿದ್ರೆ ಒಳಗೆ ಮುಖ್ಯವಾಗಿ ಮೆಸೇಜಸ್ ಡಾಟ್ ಡ್ಯಾಟ್, ಕಂಟ್ರೋಲ್ ಡಾಟ್ ಡ್ಯಾಟ್, ಕಾನ್ಫರೆನ್ಸಿಗೊಂದರಂತೆ ಎನ್‌ಡಿಎಕ್ಸ್ ಇಂಡೆಕ್ಸ್ ಫೈಲ್‌ಗಳು, ಅಷ್ಟೇ. ಪ್ಯಾಕೆಟ್ಟಿನ ಹೆಸರು ನಿಮ್ಮ ಬೋರ್ಡಿನ ಐಡಿ, ಎಂಟು ಅಕ್ಷರದೊಳಗೆ, ಮಧ್ಯೆ ಸ್ಪೇಸ್ ಇಲ್ದೆ. ಈ ಐಡಿ ಇಡೋವಾಗ ಒಂದ್ಸಲ ಯೋಚನೆ ಮಾಡಿ ಇಟ್ಬಿಡಿ, ಆಮೇಲೆ ಚೆನ್ನಾಗಿಲ್ಲ ಅಂತ ಬದಲಾಯಿಸ್ಬೇಡಿ. ಬಳಕೆದಾರನ ರೀಡರ್ ಹಳೇ ಮೇಲು, ಉತ್ತರ, ಸೆಟ್ಟಿಂಗು ಎಲ್ಲಾನೂ ಆ ಹೆಸರಿಗೇ ಕಟ್ಟಿ ಇಟ್ಟಿರತ್ತೆ, ವಾಪಸ್ ಬರೋ ರೆಪ್ (ಉತ್ತರದ) ಪ್ಯಾಕೆಟ್ಟಿನ ಮೊದಲ ಬ್ಲಾಕಲ್ಲೂ ಅದೇ ಐಡಿ ಇರತ್ತೆ, ಹೊಂದಿಲ್ಲ ಅಂದ್ರೆ ಡೋರ್ ಇಡೀ ಪ್ಯಾಕೆಟ್ಟನ್ನೇ ವಾಪಸ್ ಕಳಿಸತ್ತೆ. ಕಂಟ್ರೋಲ್ ಫೈಲನ್ನ ನೀವೇ ಸ್ಕ್ರಿಪ್ಟ್ ಬರೆದು ಮಾಡ್ತಿದ್ರೆ ಹನ್ನೊಂದನೇ ಸಾಲು ನೋಡ್ಕೊಳ್ಳಿ, ಅಲ್ಲಿ ಕಾನ್ಫರೆನ್ಸ್‌ಗಳ ಸಂಖ್ಯೆಯಲ್ಲಿ ಒಂದು ಕಳೆದು ಬರೀಬೇಕು, 12 ಇದ್ರೆ 11. ಇಲ್ಲಿ ತಪ್ಪಿದ್ರೆ ಕೆಲವು ರೀಡರ್‌ಗಳು ವೆಲ್ಕಮ್ ಸ್ಕ್ರೀನಿನ ಫೈಲ್ ಹೆಸರನ್ನೇ ಕಾನ್ಫರೆನ್ಸ್ ಅಂತ ತೋರಿಸ್ತವೆ.

ಈಗ ಮೆಸೇಜ್ ಹೆಡರ್, ಅಂದ್ರೆ ಪ್ರತೀ ಮೆಸೇಜಿನ ತಲೆಯಲ್ಲಿರೋ ವಿವರ. ಎಲ್ಲಾನೂ 128 ಬೈಟ್ ಬ್ಲಾಕ್ ಲೆಕ್ಕ. ಮೊದಲನೇ ಬೈಟ್ ಸ್ಟೇಟಸ್, ಪಬ್ಲಿಕ್ಕಾ ಪ್ರೈವೇಟಾ ಅಂತ. ಆಮೇಲೆ 7 ಅಕ್ಷರ ಮೆಸೇಜ್ ನಂಬರ್, 8 ಅಕ್ಷರ ತಾರೀಖು (ವರ್ಷಕ್ಕೆ ಎರಡೇ ಅಂಕಿ, 2000 ಬರತ್ತೆ ಅಂತ ಯಾರೂ ತಲೆ ಕೆಡಿಸ್ಕೊಂಡಿರ್ಲಿಲ್ಲ), 5 ಅಕ್ಷರ ಟೈಮು, ಯಾರಿಗೆ, ಯಾರಿಂದ, ವಿಷಯ ಇವಕ್ಕೆ ತಲಾ 25. ಉದ್ದ ಬರೆಯೋ ಜಾಗದಲ್ಲಿ ಒಟ್ಟು ಬ್ಲಾಕ್ ಎಷ್ಟು ಅಂತ ಹೆಡರ್ರೂ ಸೇರಿಸಿ ಬರೀಬೇಕು, 300 ಅಕ್ಷರದ ಮೆಸೇಜಿಗೆ ಮೂರು ಬ್ಲಾಕ್ ಪ್ಲಸ್ ಹೆಡರ್, ಒಟ್ಟು 4. ಇಷ್ಟೂ ಬರೋ ಪ್ಯಾಕೆಟ್ಟಿಂದು. ಉತ್ತರದ ಪ್ಯಾಕೆಟ್ಟಲ್ಲಿ ಹೆಡರ್ ಇದೇ ಆದ್ರೂ ಆ 7 ಅಕ್ಷರದ ಜಾಗದಲ್ಲಿ ಮೆಸೇಜ್ ನಂಬರ್ ಇರಲ್ಲ, ಕಾನ್ಫರೆನ್ಸ್ ನಂಬರ್ ಇರತ್ತೆ! ಉತ್ತರ ಎಲ್ಲಿ ಬೀಳ್ಬೇಕು ಅನ್ನೋದನ್ನ ಡೋರ್ ತಿಳ್ಕೊಳ್ಳೋದು ಆ ನಂಬರ್ ನೋಡಿ, ಕಾನ್ಫರೆನ್ಸಿನ ಹೆಸರು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಹೀಗಿರೋವಾಗ ಸಿಸಾಪ್ ಒಂದಿನ ಕೂತು ಯಾರೂ ಬರೆಯದ ನಾಲ್ಕನೇ ಕಾನ್ಫರೆನ್ಸ್ ತೆಗೆದು ಉಳಿದವನ್ನ ಮೇಲಕ್ಕೆ ಸರಿಸಿ ನೀಟಾಗಿ ಜೋಡಿಸ್ತಾನೆ ಅಂದ್ಕೊಳ್ಳಿ. ಹಿಂದಿನ ರಾತ್ರಿ ಪ್ಯಾಕೆಟ್ ತಗೊಂಡು ಹೋದವನು ಐದನೇದಕ್ಕೆ ಅಂತ ಬರೆದ ಉತ್ತರ ಈಗ ಆರನೇದಾಗಿದ್ದ ಜಾಗಕ್ಕೆ ಹೋಗಿ ಬೀಳತ್ತೆ. ಅದು ಖಾಸಗಿ ಮಾತಾಗಿದ್ದು, ಬಿದ್ದ ಜಾಗ ಹತ್ತಾರು ಬೋರ್ಡಿಗೆ ಹರಡೋ ಎಕೋ ಆಗಿದ್ರೆ ಮುಗೀತು ಕಥೆ, ಬೆಳಿಗ್ಗೆ ಹೊತ್ತಿಗೆ ಅದನ್ನ ವಾಪಸ್ ತಗೊಳೋಕೆ ಯಾರ ಕೈಲೂ ಆಗಲ್ಲ. ಹಾಗಾಗಿ ನಂಬರ್ ಒಂದ್ಸಲ ಕೊಟ್ರೆ ಕೊಟ್ಟಂಗೇ, ತೆಗೆದ ಕಾನ್ಫರೆನ್ಸಿನ ನಂಬರ್ ಖಾಲಿ ಬಿಡಿ, ಅದನ್ನ ಇನ್ನೊಂದಕ್ಕೆ ಕೊಡ್ಬೇಡಿ. ಪ್ರೈವೇಟ್ ಬೇಡ ಅಂತಿರೋ ಕಾನ್ಫರೆನ್ಸಿಗೆ ಪ್ರೈವೇಟ್ ಗುರುತಿನ ಉತ್ತರ ಬಂದ್ರೆ ಡೋರ್ ಅದನ್ನ ತಡೆದು ನಿಲ್ಲಿಸ್ಬೇಕು, ಸುಮ್ನೆ ಪಬ್ಲಿಕ್ ಮಾಡಿ ಒಳಗೆ ಹಾಕೋ ಡೋರ್ ಆದ್ರೆ ಅದನ್ನ ತೆಗೆದು ಬೇರೆ ಹಾಕಿ, ಇದರಲ್ಲಿ ರಾಜಿ ಬೇಡ.

ಇನ್ನು ಪಾಯಿಂಟರ್. ಇದು ಪುಸ್ತಕದೊಳಗೆ ಇಟ್ಟ ಚೀಟಿ ಇದ್ದಂಗೆ, ಇಲ್ಲಿವರೆಗೆ ಕೊಟ್ಟಾಯ್ತು ಅನ್ನೋಕೆ. ಪ್ರಶ್ನೆ ಏನಂದ್ರೆ ಅದನ್ನ ಯಾವಾಗ ಮುಂದೆ ಸರಿಸ್ಬೇಕು ಅನ್ನೋದು. ಪ್ಯಾಕೆಟ್ ಕಟ್ಟಿದ ತಕ್ಷಣ ಸರಿಸಿದ್ರೆ, ಇಳಿಸೋವಾಗ ಲೈನ್ ಕಟ್ಟಾದವನಿಗೆ ಆ ಮೆಸೇಜ್‌ಗಳು ಮತ್ತೆ ಸಿಗಲ್ಲ, ಹೋಯ್ತು ಅಂತಾನೂ ಅವನಿಗೆ ಗೊತ್ತಾಗಲ್ಲ. ಫೈಲ್ ಪೂರ್ತಿ ಇಳೀತು ಅಂತ ಖಾತ್ರಿ ಆದ್ಮೇಲೇ ಸರಿಸ್ಬೇಕು, ಆ ಖಾತ್ರಿ ಡೋರಿಗೆ ಸಿಗೋದು ಪ್ರೋಟೋಕಾಲ್ ಪ್ರೋಗ್ರಾಮಿನ ಲಾಗಿಂದ. ಜೀಮೋಡೆಮ್ ಪ್ರೋಟೋಕಾಲಿಗೆ ಡಿಎಸ್‌ಜಡ್ ಅನ್ನೋ ಪ್ರೋಗ್ರಾಂ ಬಳಸೋದಾದ್ರೆ ಡಿಎಸ್‌ಜಡ್‌ಲಾಗ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ ಸೆಟ್ ಮಾಡಿರ್ಬೇಕು, ಇಲ್ದಿದ್ರೆ ಅದು ಲಾಗ್ ಬರೆಯಲ್ಲ, ಆಗ ಲಾಗ್ ನಂಬ್ಕೊಂಡಿರೋ ಡೋರ್ ಕತ್ತಲಲ್ಲಿ ಊಹೆ ಮಾಡತ್ತೆ. ಕೊನೇ ಬೈಟ್ ತಲುಪಿ, ಎರಡೂ ಕಡೆ ಮುಗೀತು ಅಂತ ಕೈಕುಲುಕೋ ಮೊದಲು ಲೈನ್ ಹೋದ್ರೆ? ಆಗ ಡೋರ್ ಫೇಲ್ ಅಂತಾನೇ ತಿಳ್ಕೊಂಡು ಮುಂದಿನ ಸಲ ಅದೇ ಮೆಸೇಜ್ ಮತ್ತೆ ಕೊಡತ್ತೆ, ಕೊಡ್ಲಿ ಬಿಡಿ, ಎರಡು ಸಲ ಬಂದಿದ್ದನ್ನ ಅಳಿಸ್ಬಹುದು, ಬರದೇ ಹೋಗಿದ್ದನ್ನ ಎಲ್ಲಿಂದ ತರೋದು?

ಪ್ಯಾಕೆಟ್ಟಿಗೆ 500 ಮೆಸೇಜ್ ಅಂತ ಮಿತಿ ಇಟ್ಟಿದ್ದು ಕಾನ್ಫರೆನ್ಸಲ್ಲಿ 800 ಇದ್ದಾಗ ಕೆಲವು ಡೋರ್‌ಗಳು ಚೀಟೀನ ಸೀದಾ 800ಕ್ಕೆ ತಗೊಂಡೋಗಿ ಇಟ್ಬಿಡ್ತವೆ, ಮಧ್ಯದ 300 ಮಾಯ. ಇದನ್ನ ಸೆಟಪ್ ದಿನಾನೇ ಮಿತಿಯನ್ನ 10ಕ್ಕೆ ಇಳಿಸಿ ಟೆಸ್ಟ್ ಮಾಡಿ ನೋಡಿ.

ಉತ್ತರದ ದಿಕ್ಕಲ್ಲಿ ಇದೇ ಕಾಯಿಲೆ ಉಲ್ಟಾ. ರೆಪ್ ಅಪ್‌ಲೋಡ್ ಆಯ್ತು, ಆದ್ರೆ ಡೋರ್ "ತಗೊಂಡೆ" ಅನ್ನೋ ಮೊದಲೇ ಕಾಲ್ ಕಟ್, ಅವನು ಮತ್ತೆ ಡಯಲ್ ಮಾಡಿ ಮತ್ತೆ ಕಳಿಸ್ತಾನೆ, ಎಲ್ಲರಿಗೂ ಡಬಲ್ ಮೆಸೇಜ್. ಪ್ರತೀ ಮೆಸೇಜಿನ ಸಿಆರ್‌ಸಿ (ಮೆಸೇಜಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಇಟ್ಕೊಂಡು ಡೂಪ್, ಅಂದ್ರೆ ಎರಡನೇ ಸಲ ಬಂದದ್ದನ್ನ, ಹಿಡಿಯೋ ಆಪ್ಷನ್ ಇದ್ರೆ ಅದನ್ನ ಆನ್ ಮಾಡಿ ಇಡಿ. ಎರಡು ಲೈನ್ ಇದ್ರೆ ಪ್ರತೀ ಲೈನಿಗೂ (ನೋಡ್ ಅಂತಾರೆ) ಒಂದು ಪ್ರತ್ಯೇಕ ವರ್ಕ್ ಡೈರೆಕ್ಟರಿ ಕೊಡೋದು ಮರೀಬೇಡಿ, ಎರಡೂ ಕಡೆ ಪ್ಯಾಕೆಟ್ಟೊಳಗಿನ ಫೈಲ್‌ಗಳಿಗೆ ಒಂದೇ ಹೆಸರು, ಒಂದೇ ಜಾಗದಲ್ಲಿ ಕಟ್ಟಿದ್ರೆ ಒಬ್ಬನ ಮೇಲ್ ಇನ್ನೊಬ್ಬನ ಪ್ಯಾಕೆಟ್ಟಲ್ಲಿ ಕೂತಿರತ್ತೆ.

ಮೋಡೆಮ್ ವಿಷಯ ಎರಡು ಮಾತು ಅಂದಿದ್ನಲ್ಲ: ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಡೇಟಾ ತುಂಬಿದಾಗ ತಡೆದು ನಿಲ್ಲಿಸೋದು) ಆನ್ ಇರ್ಲಿ, ಜಿಪ್ ಆದ ಪ್ಯಾಕೆಟ್ಟಿಗೆ ಮೋಡೆಮಿನ ಎಂಎನ್‌ಪಿ 5 ಕಂಪ್ರೆಷನ್ ಬೇಡ, ಅದು ಕುಗ್ಗಿದ ಡೇಟಾನ ಹಿಗ್ಗಿಸತ್ತೆ, ವಿ.42ಬಿಸ್ ಅನ್ನೋ ಇನ್ನೊಂದು ಕಂಪ್ರೆಷನ್ ಆದ್ರೆ ತಾನೇ ಸುಮ್ನಾಗತ್ತೆ.

ಫಿಡೋನೆಟ್ (ಬೋರ್ಡುಗಳು ಮೇಲ್ ಹಂಚ್ಕೊಳ್ಳೋ ಜಾಲ) ಎಕೋ ತರಿಸೋರು ರಾತ್ರಿ ಈವೆಂಟ್‌ಗಳ, ಅಂದ್ರೆ ತಾನಾಗೇ ನಡೆಯೋ ಕೆಲಸಗಳ, ಕ್ರಮ ಸರಿ ಇಡ್ಬೇಕು. ಬಳಕೆದಾರರ ರೆಪ್‌ಗಳು ಕಾಲ್ ಇದ್ದಾಗ್ಲೇ ಒಳಗೆ ಹೋಗಿರ್ತವೆ, ಅವನ್ನ ಮೊದಲು ಸ್ಕ್ಯಾನ್ ಮಾಡಿ ಹೊರಗೆ ಕಟ್ಟಿ, ಆಮೇಲೆ ಮೇಲರ್ (ಬೋರ್ಡುಗಳ ನಡುವೆ ಮೇಲ್ ಸಾಗಿಸೋ ಪ್ರೋಗ್ರಾಂ) ಹಬ್ (ಮೇಲ್ ಹಂಚೋ ಬೋರ್ಡ್) ಜೊತೆ ಮಾತಾಡ್ಲಿ, ಬಂದ ಬಂಡಲ್ಲನ್ನ ಟಾಸರ್ ಅನ್ನೋ ಪ್ರೋಗ್ರಾಂ ಬಿಚ್ಚಿ ಕಾನ್ಫರೆನ್ಸ್‌ಗಳಿಗೆ ಹಾಕ್ಲಿ, ಅದಾದ್ಮೇಲೇ ದಿನಾ ಬರೋರ ಪ್ಯಾಕೆಟ್ಟನ್ನ ಮುಂಚೇನೇ ಕಟ್ಟಿಡೋ ಕೆಲಸ. ಇದು ಹಿಂದೆ ಮುಂದೆ ಆದ್ರೆ ಎಲ್ಲ ಕೆಲಸ ಮಾಡತ್ತೆ, ಮೇಲ್ ಮಾತ್ರ ಒಂದಿನ ತಡ.

ಒಂದು ತಮಾಷೆ ವಿಷಯ, ಕ್ಯೂಡಬ್ಲ್ಯೂಕೆಯಲ್ಲಿ ಸಾಲು ಮುಗೀತು ಅನ್ನೋಕೆ 227ನೇ ಬೈಟ್ ಬಳಸ್ತಾರೆ, ಹೆಕ್ಸಲ್ಲಿ ಇ3, ಹಳೇ ಐಬಿಎಂ ಅಕ್ಷರಪಟ್ಟಿಯಲ್ಲಿ ಅದು ಪೈ ಚಿಹ್ನೆ. ಈಗಿನ ಅಕ್ಷರ ಸಂಕೇತ ಯುಟಿಎಫ್-8ರಲ್ಲಿ ಜಪಾನಿ ಹಿರಗಾನ ಅಕ್ಷರಗಳೆಲ್ಲ ಶುರುವಾಗೋದೇ ಇ3 ಬೈಟಿಂದ, ಹಾಗಾಗಿ ಹಳೇ ರೀಡರಲ್ಲಿ ಪ್ರತೀ ಅಕ್ಷರಕ್ಕೂ ಸಾಲು ಮುರಿಯತ್ತೆ. ಕನ್ನಡದ ಅಕ್ಷರಗಳು ಇ0ಯಿಂದ ಶುರು, ಮುಂದಿನ ಬೈಟ್ ಬಿ2 ಇಲ್ಲ ಬಿ3, ಇ3 ಎಲ್ಲೂ ಬರಲ್ಲ, ಅದರಿಂದ ಕನ್ನಡದ ಮೆಸೇಜ್ ಸಾಲು ಒಡೀದೆ ಹಂಗೇ ದಾಟತ್ತೆ. ತೋರಿಸೋ ರೀಡರಿಗೆ ಯುಟಿಎಫ್-8 ಗೊತ್ತಿರ್ಬೇಕು, ವಿಷಯದ 25 ಬೈಟಲ್ಲಿ ಅಕ್ಷರ, ಕಾಗುಣಿತ, ಒತ್ತು ಎಲ್ಲ ಸೇರಿ ಎಂಟೇ ಕೋಡ್ ಹಿಡಿಯೋದು, ಹಾಗಾಗಿ ಹೆಡ್ಡಿಂಗ್ ಚಿಕ್ಕದಾಗಿ ಬರೀರಿ ಅಂತ ಬಳಕೆದಾರರಿಗೆ ವೆಲ್ಕಮ್ ಸ್ಕ್ರೀನಲ್ಲೇ ಹೇಳಿಬಿಡಿ.