ಕರಡಿಗೆ ಏನೂ ಕಲಿಸದ ಡಬ್ಬಿ

ಮೂರು ದಿನದ ಚಾರಣಕ್ಕೆ ಹೊರಟವರ ಊಟದ ಚೀಲದಲ್ಲಿ 8-9 ಸಾವಿರ ಕ್ಯಾಲರಿ ಸಲೀಸಾಗಿ ಇರುತ್ತದೆ. ಭಾರ ಕಮ್ಮಿ ಇರಬೇಕು, ಶಕ್ತಿ ಜಾಸ್ತಿ ಸಿಗಬೇಕು ಅಂತ ಪೀನಟ್ ಬಟರ್, ಚಾಕೊಲೇಟು, ಒಣಹಣ್ಣುಗಳನ್ನೇ ತುಂಬಿಕೊಂಡಿರುತ್ತಾರೆ. ಉತ್ತರ ಅಮೆರಿಕದ ಕಪ್ಪು ಕರಡಿಗೂ ಬೇಕಾಗಿರುವುದು ಅದೇ. ಚಳಿಗಾಲದ ನಿದ್ದೆಗೆ ಜಾರುವ ಮುಂಚೆ ಅದು ದಿನಕ್ಕೆ 20,000 ಕ್ಯಾಲರಿ ತನಕ ತಿನ್ನುತ್ತದೆ. ಒಂದು ಕಿಲೋ ಕಾಡುಹಣ್ಣಿನಲ್ಲಿ ಸಿಗುವುದು 500ರ ಆಸುಪಾಸು, ಅದನ್ನೂ ಪೊದೆಯಿಂದ ಪೊದೆಗೆ ಅಲೆದು ತಿನ್ನಬೇಕು. ಹೀಗಿರುವಾಗ ಟೆಂಟಿನ ಪಕ್ಕ ಒಮ್ಮೆ ಚೀಲ ಸಿಕ್ಕರೆ ಕರಡಿ ಆ ಜಾಗವನ್ನು ಮರೆಯುತ್ತದೆಯೇ? ಮತ್ತೆ ಬರುತ್ತದೆ, ಮರಿಗಳನ್ನೂ ಕರೆದುಕೊಂಡು ಬರುತ್ತದೆ.

ನಮ್ಮ ಪೈಪೋಟಿ ಇರುವುದು ಕರಡಿಯ ಬಲದ ಜೊತೆ ಅಲ್ಲ, ಅದರ ಕಲಿಕೆಯ ಜೊತೆ. ಹಗ್ಗದ ಕಥೆಯನ್ನೇ ನೋಡಿ. ಚೀಲವನ್ನು ನೆಲದಿಂದ ಮೂರು-ನಾಲ್ಕು ಮೀಟರ್ ಮೇಲೆ, ಕಾಂಡದಿಂದ ಒಂದೂಕಾಲು ಮೀಟರ್ ಆಚೆ ಕೊಂಬೆಗೆ ನೇತುಹಾಕುವುದು ಹಳೆಯ ಪದ್ಧತಿ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಕರಡಿಗಳು ಬೇಗ ಇದರ ಗುಟ್ಟು ಹಿಡಿದವು. ಹಗ್ಗ ಕಟ್ಟಿದ ಕಡೆ ಹಲ್ಲು ಹಾಕಿ ಕಡಿದವು. ದೊಡ್ಡ ಕರಡಿಗಳ ಭಾರ ತಾಳದ ಸಣ್ಣ ಕೊಂಬೆಗಳಿಗೆ ಮರಿಗಳು ಹತ್ತಿದವು. ಅಲ್ಲಿ ಈಗ ನೇತುಹಾಕುವಂತಿಲ್ಲ, ಕಾಡಿನಲ್ಲಿ ರಾತ್ರಿ ಉಳಿಯುವವರಿಗೆ ಕ್ಯಾನಿಸ್ಟರ್ ಕಡ್ಡಾಯ.

ಕ್ಯಾನಿಸ್ಟರ್ ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ದಪ್ಪ ಡಬ್ಬಿ, ಖಾಲಿಯಿದ್ದಾಗಲೇ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ. ಜಾಣತನವೆಲ್ಲ ಅದರ ಆಕಾರದಲ್ಲಿದೆ. ಕರಡಿಯ ಬಾಯಿಗೆ ಸಿಗದಷ್ಟು ಅಗಲ, ಮೈಯೆಲ್ಲ ನುಣುಪು, ಉಗುರು ಸಿಕ್ಕಿಸಲು ಒಂದು ಅಂಚೂ ಇಲ್ಲ. ಕೆಲವದರ ಮುಚ್ಚಳ ಒಳಕ್ಕೆ ಕುಳಿತಿರುತ್ತದೆ, ನಾಣ್ಯದಿಂದ ತಿರುಪು ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ವಾಸನೆ ಹೊರಗೆ ಬಂದೇ ಬರುತ್ತದೆ, ಅದನ್ನು ಮುಚ್ಚಿಡುವುದು ಡಬ್ಬಿಯ ಕೆಲಸವೂ ಅಲ್ಲ. ಕರಡಿ ಬರಲಿ, ಉರುಳಿಸಲಿ, ಕಚ್ಚಲಿ, ಏನೂ ಸಿಗದೆ ಬೇಸತ್ತು ಹೋಗಲಿ. ಮೊಂಟಾನಾದ ವೆಸ್ಟ್ ಯೆಲ್ಲೋಸ್ಟೋನ್‌ನಲ್ಲಿ ಇಂಥ ಡಬ್ಬಿಗಳನ್ನು ಸಾಕಿದ ಗ್ರಿಜ್ಲಿ ಕರಡಿಗಳ ಮುಂದೆಯೇ ಇಟ್ಟು ಪರೀಕ್ಷಿಸುತ್ತಾರೆ. ಒಳಗೆ ರುಚಿಯಾದ ತಿಂಡಿ, ಸಮಯ 60 ನಿಮಿಷ. ಇಂಥ ಪರೀಕ್ಷಕರಿಗೆ ಲಂಚ ಕೊಟ್ಟು ಪಾಸಾಗುವಂತಿಲ್ಲ, ಅಲ್ವಾ!

ಆದರೂ ನ್ಯೂಯಾರ್ಕ್ ರಾಜ್ಯದ ಅಡಿರಾಂಡಾಕ್ ಬೆಟ್ಟಗಳಲ್ಲಿ ಒಂದು ಹೆಣ್ಣು ಕರಡಿ ಎಲ್ಲರಿಗೂ ಚಳ್ಳೆಹಣ್ಣು ತಿನ್ನಿಸಿತು. ಕಿವಿಗೆ ಎರಡು ಹಳದಿ ಬಿಲ್ಲೆ ಇದ್ದಿದ್ದಕ್ಕೆ ಯೆಲ್ಲೋ-ಯೆಲ್ಲೋ ಎಂದು ಹೆಸರು. ಗಾತ್ರದಲ್ಲಿ ಚಿಕ್ಕದು, ನಾಚಿಕೆಯ ಸ್ವಭಾವ. ಔಷಧಿ ಬಾಟಲಿಯ ಹಾಗೆ ಒತ್ತಿ ತಿರುಗಿಸುವ ಮುಚ್ಚಳವಿದ್ದ ಒಂದು ಡಬ್ಬಿಯನ್ನು ಹಲ್ಲಿನಿಂದಲೇ ತೆಗೆಯಲು ಕಲಿಯಿತು. ಕಂಪನಿಯವರು ಮುಚ್ಚಳ ತಿರುಗದಂತೆ ತಡೆಯುವ ಇನ್ನೊಂದು ಗುಬಟು ಸೇರಿಸಿದರು. ಅದನ್ನೂ ತೆಗೆಯಿತು. 2012ರಲ್ಲಿ ಬೇಟೆಗಾರನೊಬ್ಬನ ಗುಂಡಿಗೆ ಸತ್ತಿತು.

ಯೊಸೆಮಿಟಿಯಲ್ಲಿ 1998ರಲ್ಲಿ ಕರಡಿಗಳ ಹಾವಳಿಯ ಪ್ರಕರಣಗಳು 1,500 ದಾಟಿದ್ದವು, ಬಹಳಷ್ಟು ಕಾರು ಒಡೆದು ತಿಂಡಿ ಕದ್ದವು. ಮರುವರ್ಷದಿಂದ ಬಂದೋಬಸ್ತು ಬಿಗಿಯಾಯಿತು. ಅದರ ಫಲವನ್ನು ವಿಜ್ಞಾನಿಗಳು ಕರಡಿಯ ಕೂದಲಿನಲ್ಲಿ ಓದಿದರು. ಮಾಂಸ, ಮೆಕ್ಕೆಜೋಳ ಜಾಸ್ತಿ ಇರುವ ಮನುಷ್ಯರ ಊಟ ತಿಂದರೆ ಕೂದಲಿನಲ್ಲಿ ಇಂಗಾಲ, ಸಾರಜನಕದ ತುಸು ಭಾರವಾದ ಪರಮಾಣುಗಳ ಪಾಲು ಏರುತ್ತದೆ. ಮ್ಯೂಸಿಯಮ್ಮಿನ ಹಳೆಯ ಮಾದರಿಗಳ ಜೊತೆ ಹೋಲಿಸಿದಾಗ, 1999ರ ನಂತರ ಮನುಷ್ಯರ ಊಟದ ಪಾಲು ಸುಮಾರು ನೂರು ವರ್ಷದ ಹಿಂದಿನ ಮಟ್ಟಕ್ಕೆ ಇಳಿದಿತ್ತು.

ಡಬ್ಬಿ ಹೊತ್ತು ಹೋಗುವವರು ಟೂತ್‌ಪೇಸ್ಟು, ಸನ್‌ಸ್ಕ್ರೀನು, ಸೋಪು, ಕಸ ಎಲ್ಲಕ್ಕೂ ಅದರಲ್ಲೇ ಜಾಗ ಮಾಡಬೇಕು. ಕರಡಿಗೆ ವಾಸನೆ ಬಂದದ್ದೆಲ್ಲ ತಿಂಡಿಯೇ. ಅಡುಗೆ ಮಾಡುವಾಗಲೂ ಮುಚ್ಚಳ ಬಿಗಿದಿರಲಿ. ರಾತ್ರಿ ಟೆಂಟಿನಿಂದ ಸಾಕಷ್ಟು ದೂರದಲ್ಲಿ, ಸಮತಟ್ಟು ನೆಲದ ಮೇಲೆ ಇಡಿ. ತೊರೆಯ ದಂಡೆ, ಬಂಡೆಯ ಅಂಚು ಬೇಡ, ತಳ್ಳಿದರೆ ಕೆಳಗೆ ಹೋಗಿಬಿಡುತ್ತದೆ. ಮರಕ್ಕೆ ಕಟ್ಟಲೂ ಬೇಡಿ. ಹಗ್ಗ ಇದ್ದರೆ ಕರಡಿ ಅದನ್ನೇ ಹಿಡಿದು ಡಬ್ಬಿಯನ್ನು ಹೊತ್ತೊಯ್ಯುತ್ತದೆ.